ಅಕ್ಕನ ಮಗಳ ಫೀಸು

ತಪ್ಪು ಮಿಲಿಗ್ರಾಂ ಮೇಡಮ್ಮನದೇ. ಕಳೆದ ವರ್ಷ ಯಾರ ಕಣ್ಣಿಗೂ ಬೀಳದೆ ಪಾಸಾಗಿದ್ದ ವಿಷಯವನ್ನು ಈ ವರ್ಷ ತಾನಾಗಿ ತಿದ್ದಿ, ತಿದ್ದಿದ ಕಡೆ ಸಹಿ ಹಾಕಿ, ತಾರೀಕು ಬರೆದು ತೆರಿಗೆ ಕಚೇರಿಗೆ ಕಳಿಸಿದ್ದಳು.

ತಕ್ಕಡಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಆ ಅಡ್ಡಹೆಸರು ಅಂಟಿ ಇಪ್ಪತ್ತು ವರ್ಷವಾಗಿತ್ತು. ಗಾಜಿನ ಬಾಗಿಲಿನ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತು, ಬೆರಳಿನ ಜಿಡ್ಡು ತಾಗದ ಹಾಗೆ ತೂಕದ ಬಟ್ಟುಗಳನ್ನು ಚಿಮಟದಲ್ಲಿ ಎತ್ತಿಡುವ ಕೆಲಸ. ಅಲ್ಲೊಂದು ಪದ್ಧತಿ. ಕಂಡದ್ದನ್ನೇ ಬರೆಯಬೇಕು; ಬರೆದದ್ದು ತಪ್ಪಾದರೆ ಅಳಿಸಬಾರದು. ಮೊದಲಿನದು ಓದಲು ಬರುವ ಹಾಗೆ ಒಂದೇ ಗೀಟು ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಿ ತಾರೀಕು ಬರೆಯಬೇಕು. ತೆರಿಗೆ ಫಾರಂನಲ್ಲೂ ಅವಳು ಮಾಡಿದ್ದು ಅದನ್ನೇ. ಕಾಲೇಜು ಶುಲ್ಕಕ್ಕೆ ವಿನಾಯಿತಿ ಕೇಳುವ ಜಾಗದಲ್ಲಿ, ವಿದ್ಯಾರ್ಥಿಯ ಸಂಬಂಧ ‘ಮಗಳು’ ಎಂದು ಅಚ್ಚಾಗಿತ್ತು. ಅದರ ಮೇಲೆ ಗೀಟು ಎಳೆದು ‘ಅಕ್ಕನ ಮಗಳು’ ಎಂದು ಬರೆದಿದ್ದಳು.

ಹದಿನೈದು ದಿನಕ್ಕೆ ನೋಟೀಸು ಬಂತು. ತಿದ್ದಿದ ಫಾರಂ ಯಾಕೆ ತಿರಸ್ಕರಿಸಬಾರದು, ಕಳೆದ ವರ್ಷದ ವಿನಾಯಿತಿಯನ್ನು ದಂಡದ ಸಮೇತ ಯಾಕೆ ವಸೂಲು ಮಾಡಬಾರದು, ಖುದ್ದಾಗಿ ಬಂದು ವಿವರಿಸಿ.

ಅದನ್ನು ಹಿಡಿದು ಅವಳು ನೇರ ಹೋಗಿದ್ದು ಪ್ರಯೋಗಾಲಯದ ಗುಮಾಸ್ತನ ಹತ್ತಿರ. ಎಲ್ಲರ ತೆರಿಗೆ ಫಾರಂ ತುಂಬುವವನು ಅವನೇ. ಏನು ಹೇಳಿದರೂ ‘ಆಗ್ಲಿ ಬಿಡಿ’ ಅನ್ನುತ್ತಿದ್ದರಿಂದ ಅವನ ಹೆಸರೇ ಆಗ್ಲಿಬಿಡಿ ಎಂದಾಗಿತ್ತು.

“ಹೋದ ವರ್ಷಾನೂ ಮಗಳು ಅಂತ ಯಾಕ್ರೀ ಒತ್ತಿದ್ರಿ?”

“ಅಲ್ಲಿರೋದೇ ಎರಡು ಮೇಡಂ. ಮಗ, ಮಗಳು. ನಿಮ್ಮ ಹುಡುಗಿಗೆ ಮೀಸೆ ಬಂದಿಲ್ವಲ್ಲ, ಮಗಳು ಅಂತ ಒತ್ತಿದೆ.”

“ನನ್ನ ಒಂದು ಮಾತು ಕೇಳಬಾರದಿತ್ತಾ?”

“ನೀವು ಓದದೇ ಸಹಿ ಹಾಕ್ತೀರಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

ಆ ಮಾತು ಚುಚ್ಚಿತು. ಹೋದ ವರ್ಷ ಸಹಿ ಹಾಕಿದ್ದು ಹುಡುಗಿಯ ಮೊದಲ ವರ್ಷದ ಫಲಿತಾಂಶ ಬಂದ ವಾರ. ಹಿಗ್ಗಿಗೆ ಮೇಡಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಓದದೆಯೇ ಸಹಿ ಹಾಕಿದ್ದು ನಿಜ.

“ಈಗ ಸುಲಭದ ದಾರಿ ಹೇಳ್ತೀನಿ ಕೇಳಿ,” ಅಂದ ಆಗ್ಲಿಬಿಡಿ. “ಕೈತಪ್ಪಿ ಗೀಟು ಬಿತ್ತು ಅನ್ನಿ. ಮಗಳು ಅಂತ ಹೊಸ ಫಾರಂ ಕೊಡಿ. ಅವರು ಹೋದ ವರ್ಷದ್ದನ್ನ ಕೆದಕೋದೂ ಇಲ್ಲ. ಇಲ್ಲಾಂದ್ರೆ ಎರಡು ತಿಂಗಳ ಸಂಬಳಕ್ಕೆ ಕೈಮುಗಿದುಬಿಡಿ.”

“ಕೈತಪ್ಪಿ ಬಿದ್ದಿದ್ದಲ್ವಲ್ಲ. ಪಕ್ಕದಲ್ಲಿ ಸಹಿ ಬೇರೆ ಮಾಡಿದೀನಿ.”

“ಅಯ್ಯೋ, ಆಗ್ಲಿ ಬಿಡಿ ಮೇಡಂ! ಲೋಕ ಏನು ನಿಮ್ಮ ತಕ್ಕಡಿನಾ?”

ಮನೆಯಲ್ಲಿ ಹುಡುಗಿ ನೋಟೀಸನ್ನು ಎರಡು ಸಲ ಓದಿದಳು. ಅವಳಿಗೆ ಹನ್ನೊಂದು ತುಂಬಿದ ವರ್ಷ ಅಮ್ಮ ತೀರಿಕೊಂಡಿದ್ದಳು. ಅಪ್ಪ ಅನ್ನುವವನು ಅದಕ್ಕೂ ಮುಂಚೆಯೇ ತನ್ನ ದಾರಿ ನೋಡಿಕೊಂಡಿದ್ದ. ಅಂದಿನಿಂದ ಈ ಎರಡು ಕೋಣೆಯ ಮನೆ, ಈ ಚಿಕ್ಕಮ್ಮ.

“ಚಿಕ್ಕಮ್ಮಾ, ಮಗಳು ಅಂತ ಬರೆದ್ರೆ ನನಗೇನೂ ಬೇಜಾರಿಲ್ಲ.”

“ನನಗಿದೆ.”

“ಯಾಕೆ, ನಾನು ಅಷ್ಟು ಕೆಟ್ಟ ಮಗಳಾ?”

“ತಲೆಹರಟೆ ಮಾಡಬೇಡ.” ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ನಿನ್ನಮ್ಮ ಮೈ ಕಾದ ಹೆಂಚಿನ ಹಾಗೆ ಸುಡ್ತಿರುವಾಗಲೂ ಹೊಲಿಗೆ ಮಷೀನು ತುಳಿದು ನಿನ್ನ ಸ್ಕೂಲ್ ಫೀಸು ಕಟ್ಟಿದವಳು. ಹನ್ನೊಂದು ವರ್ಷ ನಿನಗೆ ಅಮ್ಮ ಆಗಿದ್ದಳು. ನಾನು ಆ ಜಾಗಕ್ಕೆ ಹೋಗಿ ಕೂತರೆ, ಕಾಗದದಲ್ಲಿ ಅವಳು ಹುಟ್ಟೇ ಇಲ್ಲ ಅಂತಾಗುತ್ತೆ. ದುಡ್ಡು ಉಳಿಸೋದಕ್ಕೆ ನನ್ನ ಅಕ್ಕನನ್ನೇ ಹೊಡೆದುಹಾಕ್ಲಾ?”

ಹುಡುಗಿ ನೋಟೀಸಿನ ಅಂಚನ್ನು ಮಡಿಸಿದಳು. “ಹಾಗಾದ್ರೆ ದುಡ್ಡೇ ಬಿಟ್ಟುಬಿಡೋಣ.”

“ಅದನ್ನೂ ಬಿಡಲ್ಲ. ಕಂತು ಕಂತಾಗಿ ಕಟ್ಟಿದವಳು ನಾನು, ರಸೀದಿ ಇದೆ. ಆ ನಿಯಮ ಏನು ಹೇಳುತ್ತೆ ನೋಡು. ಫಾರಂ ಅಲ್ಲ, ನಿಯಮ.”

ಹುಡುಗಿ ಫೋನಿನಲ್ಲಿ ಹುಡುಕಿ ಓದಿದಳು. ‘ತೆರಿಗೆದಾರರನ್ನೇ ಪೂರ್ತಿಯಾಗಿ ಅವಲಂಬಿಸಿರುವ, ಅವರ ಕುಟುಂಬದ ವಿದ್ಯಾರ್ಥಿ.’ ಅಷ್ಟೇ. ಮಗ, ಮಗಳು ಎಂಬ ಕಟ್ಟು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅದು ಫಾರಂ ಅಚ್ಚು ಹಾಕಿಸಿದವರ ಜಾಣತನ.

“ಹಾಂ,” ಅಂದಳು ಚಿಕ್ಕಮ್ಮ. “ಅದನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗಿಸು.”

ಮರುದಿನ ಬೆಳಿಗ್ಗೆ ಇಬ್ಬರೂ ತೆರಿಗೆ ಕಚೇರಿಯಲ್ಲಿದ್ದರು. ಅಧಿಕಾರಿ ಕನ್ನಡಕವನ್ನು ತಲೆ ಮೇಲೆ ಏರಿಸಿಕೊಂಡು, ಮೇಜಿನ ತುಂಬ ಕಟ್ಟಿಟ್ಟ ಫೈಲುಗಳ ಸಂದಿಯಿಂದ ಇವರನ್ನು ನೋಡಿದ. ಕೆಟ್ಟ ಮನುಷ್ಯನಲ್ಲ. ಮುಗಿಸಿ ಕಳಿಸುವ ಆತುರ, ಅಷ್ಟೆ.

“ಕೂತ್ಕೊಳ್ಳಿ ಅಮ್ಮಾ. ಇದೇನು ದೊಡ್ಡ ವಿಷಯ ಅಲ್ಲ. ಇದನ್ನ ಹರಿದುಹಾಕ್ತೀನಿ, ಹೊಸದೊಂದು ತುಂಬಿಕೊಡಿ. ಸಾಕಿದ ಮೇಲೆ ಮಗಳೇ ತಾನೆ?”

“ಸಾಕಿದ್ದೀನಿ. ಹೆತ್ತವಳು ನನ್ನ ಅಕ್ಕ. ಹಾಗೇ ಬರೆದಿದೀನಿ.”

“ಕಂಪ್ಯೂಟರ್ ತಗೊಳ್ಳಲ್ಲ.”

“ನಿಯಮ ತಗೊಳ್ಳುತ್ತೆ.” ಅವಳು ಪ್ರಿಂಟನ್ನು ಮುಂದಿಟ್ಟಳು.

ಅವನು ಕನ್ನಡಕ ಇಳಿಸಿ ಓದಿದ, ಮತ್ತೆ ಏರಿಸಿದ. “ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಇದೇ ಹಟ ಹಿಡಿದ್ರೆ ಹೋದ ವರ್ಷದ್ದೂ ತೆಗೀಬೇಕಾಗುತ್ತೆ.”

“ತೆಗೀರಿ. ಹೋದ ವರ್ಷ ಸುಳ್ಳಿಗೆ ಸಹಿ ಹಾಕಿದ್ದು ನಾನೇ. ದಂಡ ಕಟ್ತೀನಿ. ಆದರೆ ಈ ವರ್ಷದ್ದು ನಿಜ. ಇದನ್ನ ವಾಪಸ್ ತಗೊಳ್ಳಲ್ಲ.”

“ಹೇಳಮ್ಮಾ ನಿಮ್ಮ ಚಿಕ್ಕಮ್ಮನಿಗೆ,” ಎಂದು ಅವನು ಹುಡುಗಿಯ ಕಡೆ ತಿರುಗಿದ.

“ಎಂಟು ವರ್ಷದಿಂದ ಹೇಳ್ತಾ ಇದೀನಿ ಸಾರ್. ನನ್ನ ಮಾತು ಕೇಳೋ ಹಾಗಿದ್ದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

ಪಕ್ಕದ ಮೇಜಿನವಳು ಕಿಸಕ್ಕನೆ ನಕ್ಕಳು. ಅಧಿಕಾರಿಯ ಮುಖ ಗಂಟಾಯಿತು. “ಸರಿ. ತಿರಸ್ಕರಿಸಿದ್ದೀನಿ. ಇನ್ನು ಹೊರಡಿ.”

“ಬರವಣಿಗೆಯಲ್ಲಿ ಕೊಡಿ.”

ಅವನು ಬಿಳಿ ಹಾಳೆ ಎಳೆದುಕೊಂಡು ‘ಫಾರಂ ದೋಷಪೂರಿತ’ ಎಂದು ಗೀಚಿ ತಳ್ಳಿದ. ಅವಳು ತಿರುಗಿ ತಳ್ಳಿದಳು.

“ಏನು ದೋಷ? ಬರೀರಿ. ಹುಡುಗಿ ನನಗೇನಾಗಬೇಕು, ಫೀಸು ಯಾರು ಕಟ್ಟಿದ್ರು, ಯಾವ ಕಾರಣಕ್ಕೆ ಕೊಡಲ್ಲ. ಕೆಳಗೆ ನಿಮ್ಮ ಸಹಿ, ಸೀಲು. ನಾನು ಕಾಯ್ತೀನಿ. ಇವತ್ತು ಪೂರ್ತಿ ರಜೆ ಹಾಕಿದೀನಿ.”

ಜಪ್ಪಯ್ಯ ಅಂದರೂ ಈ ಹೆಂಗಸು ಏಳುವವಳಲ್ಲ ಎಂದು ಅವನಿಗೆ ಖಾತ್ರಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವಳ ಹಿಂದೆ ಐದಾರು ಜನ ನಿಂತು ಗೊಣಗುತ್ತಿದ್ದರು. ಕೊನೆಗೆ ಅವನು ಹಲ್ಲು ಕಚ್ಚಿಕೊಂಡು ಬರೆದ: ‘ವಿದ್ಯಾರ್ಥಿನಿಯು ಅರ್ಜಿದಾರರ ದಿವಂಗತ ಅಕ್ಕನ ಮಗಳು. ಶುಲ್ಕವನ್ನು ಅರ್ಜಿದಾರರೇ ಪೂರ್ತಿಯಾಗಿ ಭರಿಸಿರುತ್ತಾರೆ. ಈ ಸಂಬಂಧಕ್ಕೆ ಫಾರಂನಲ್ಲಿ ಅವಕಾಶವಿಲ್ಲದ ಕಾರಣ ತಿರಸ್ಕರಿಸಲಾಗಿದೆ.’

ಸೀಲು ಬಿತ್ತು. ಅವಳು ನಿಂತಲ್ಲೇ ಅಕ್ಷರ ಅಕ್ಷರ ಓದಿದಳು. ಸರಕಾರದ ಕಾಗದದಲ್ಲಿ ಅಕ್ಕ ಇದ್ದಳು, ಮಗಳಿದ್ದಳು, ತಾನಿದ್ದಳು. ಮೂವರೂ ಅವರವರ ಜಾಗದಲ್ಲಿ.

“ಅಪೀಲು ಎಲ್ಲಿ?”

“ಮೂರನೇ ಮಹಡಿ,” ಅಂದ ಅವನು ತಲೆ ಎತ್ತದೆ. “ಲಿಫ್ಟ್ ಕೆಟ್ಟಿದೆ.”

“ಕಾಲು ಕೆಟ್ಟಿಲ್ಲ.”

ಕೆಳಗಿನ ಕೌಂಟರಿನಲ್ಲಿ ಹೋದ ವರ್ಷದ ಬಾಕಿಗೆ, ದಂಡಕ್ಕೆ ಮೊದಲ ಕಂತು ಕಟ್ಟಿ ರಸೀದಿ ತೆಗೆದುಕೊಂಡಳು. ಮೂರನೇ ಮಹಡಿಯ ಸಾಲು ಮೆಟ್ಟಿಲವರೆಗೂ ಇಳಿದಿತ್ತು. ಹುಡುಗಿಯೂ ಅವಳ ಹಿಂದೆ ಬಂದು ನಿಂತಳು.

“ಹನ್ನೆರಡಕ್ಕೆ ನಿನಗೆ ಕ್ಲಾಸಿಲ್ವಾ?”

“ಇದೆ. ಇವತ್ತೊಂದಿನ ನಿಮ್ಮ ಜೊತೆ ಇರ್ತೀನಿ ಚಿಕ್ಕಮ್ಮಾ.”

“ನಡಿ, ನಡಿ. ಇಲ್ಲಿ ಜಗಳ ಆಡೋದು ನನ್ನ ಕೆಲಸ. ನಾನು ಫೀಸು ಕಟ್ಟಿರೋದು ನೀನು ಅಲ್ಲಿ ಕೂರೋದಕ್ಕೆ.”

ಹುಡುಗಿ ಮೆಟ್ಟಿಲು ಇಳಿದು ಹೋದಳು. ಚಿಕ್ಕಮ್ಮ ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು, ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.