ಗ್ಯಾಸ್ ಎಲ್ಲಿಗೆ ಹೋಯಿತು

ಭಾನುವಾರ ಗಿರಣಿ ಅರ್ಧ ದಿನ. ಬಾಗಿಲೆಳೆದು ಮನೆಗೆ ಬಂದವನು ಊಟಕ್ಕೂ ಕೂರದೆ ಕಾರಿನ ಬಾನೆಟ್ ಎತ್ತಿದ. ನಾಳೆ ಬೆಳಗಾದರೆ ಅಕ್ಕನನ್ನು ಪೇಟೆಯ ಆಸ್ಪತ್ರೆಗೆ, ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕು. ವಾರಕ್ಕೆರಡು ಸಲದ ಓಡಾಟ, ಒಂದು ಗಂಟೆಯ ದಾರಿ. ಅಕ್ಕನದು ನರದ ಕಾಯಿಲೆ. ಮೈ ಕಾದರೆ ಕಾಲು ಹೇಳಿದ ಮಾತು ಕೇಳುವುದಿಲ್ಲ.

ಕಳೆದ ಗುರುವಾರ ಏಸಿ ಬರೀ ಬಿಸಿಗಾಳಿ ಊದಿತ್ತು. ಆಸ್ಪತ್ರೆಯ ಮುಂದೆ ಇಳಿಯಲು ಹೋದ ಅಕ್ಕ ಅಲ್ಲೇ ಕುಸಿದಳು. ಯಾರೋ ಇಬ್ಬರು ಓಡಿಬಂದು ಮೂಟೆ ಎತ್ತಿದ ಹಾಗೆ ಎತ್ತಿಕೊಂಡು ಒಳಗೆ ಹೋದರು. ಮನೆ ಮುಟ್ಟಿದ ಮೇಲೆ ಒಂದೇ ಮಾತು: "ನಾನಿನ್ನು ಬರಲ್ಲ ಕಣೋ."

ವ್ಯಾಯಾಮ ತಪ್ಪಿದರೆ ಆರು ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಅವನು ಅಕ್ಕನಿಗೆ ಹೇಳಿರಲಿಲ್ಲ.

ಕಾರಿಗೆ ಹದಿನೆಂಟು ವರ್ಷ. ಏಸಿಯನ್ನು ಪೂರ್ತಿ ಬದಲಾಯಿಸಬೇಕು ಎಂದು ಈ ಸಲ ಗ್ಯಾರೇಜಿನವನು ಹೇಳಿದ್ದು ಅವನ ಕೈಗೆಟುಕುವ ಮಾತಲ್ಲ. ಅಂಗಡಿಯಿಂದ ಒಂದು ಡಬ್ಬಿ ಗ್ಯಾಸು, ಒಂದು ಪೈಪು ತಂದಿದ್ದ. ತಾನೇ ತುಂಬಿಸಿಬಿಡುವುದು ಅಂತ. ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು.

ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಜಗಲಿಯ ಕುರ್ಚಿಯಲ್ಲಿದ್ದ ಅಕ್ಕ ಕೇಳಿದಳು: "ಏನೋ ಅದು?"

"ಗ್ಯಾಸ್ ಮುಗಿದಿದೆ ಅಕ್ಕ. ತುಂಬಿಸ್ತೀನಿ."

"ಹೋದ ವರ್ಷವೂ ಮುಗಿದಿತ್ತು."

"ಹ್ಞೂಂ."

"ಅದರ ಹಿಂದಿನ ವರ್ಷವೂ."

"ಗ್ಯಾಸ್ ಅಂದಮೇಲೆ ಮುಗಿಯಲ್ವಾ?"

"ಮುಗಿಯೋಕೆ ನಿನ್ನ ಕಾರು ಅನ್ನ ಬೇಯಿಸುತ್ತೇನೋ? ಒಲೆಯದಾದರೆ ಉರಿದು ಮುಗಿಯುತ್ತೆ. ಇದರಲ್ಲಿ ಉರಿಯೋದೇನಿದೆ? ಟೈರಲ್ಲಿ ಗಾಳಿ ಮುಗಿದಿದೆ ಅಂತ ಯಾರಾದ್ರೂ ಸೈಕಲ್ ತಂದರೆ ಅಪ್ಪ ಬರೀ ಪಂಪು ಹೊಡೆದು ಕಳಿಸ್ತಿದ್ದರಾ?"

ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ ಕೈ ಹಾಗೇ ನಿಂತಿತು. ಸೈಕಲ್ ಶಾಪಿನವನ ಮಗ ತಾನು. ಗ್ಯಾರೇಜಿನವನು 'ಮುಗಿದಿದೆ' ಅಂದ, ತಾನು ತಲೆಯಾಡಿಸಿದ. ಎರಡು ಬೇಸಿಗೆ ಆ ಒಂದು ಮಾತನ್ನೇ ನಂಬಿಕೊಂಡು ಕಳೆದಿತ್ತು.

ಗ್ಯಾಸಿನ ಜೊತೆ ಎಣ್ಣೆಯೂ ಓಡಾಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ಹಾಗಿದ್ದರೆ ಸೋರಿದ ಕಡೆ ಎಣ್ಣೆ ಇರಬೇಕು. ಕಾರು ದಿನವೂ ನಿಲ್ಲುವುದು ಗಿರಣಿಯ ಗೋಡೆಗೆ. ಬಾನೆಟ್ಟಿನೊಳಗೂ ಹಿಟ್ಟಿನ ಧೂಳು ಕೂತಿತ್ತು. ಅವನು ಬಗ್ಗಿ ಬಾಯಿಂದ ಜೋರಾಗಿ ಊದಿದ. ಎಲ್ಲ ಕಡೆಯೂ ಧೂಳು ಹಾರಿತು. ಮುಂದಿನ ಜಾಲರಿಗೆ ಪೈಪು ಕೂಡುವ ಒಂದು ಸಂದಿನಲ್ಲಿ ಮಾತ್ರ ಹಾರಲಿಲ್ಲ. ಅಲ್ಲಿ ಹಿಟ್ಟು ಎಣ್ಣೆ ಕುಡಿದು ಕಣಕದ ಹಾಗೆ ಕಪ್ಪಗೆ ಮೆತ್ತಿಕೊಂಡಿತ್ತು. ಗಿರಣಿಯ ಬೇರಿಂಗಿನಲ್ಲಿ ಇಂಥದ್ದನ್ನು ದಿನಾ ಕೆರೆಯುವವನು ಅವನೇ.

ಒರೆಸಿ, ಸೋಪಿನ ನೊರೆ ಹಚ್ಚಿದ. ಒಳಗೆ ಅಷ್ಟಿಷ್ಟು ಗ್ಯಾಸು ಉಳಿದಿತ್ತೇನೋ, ಒಂದು ಗುಳ್ಳೆ ನಿಧಾನಕ್ಕೆ ಉಬ್ಬಿ ಒಡೆಯಿತು. ಇನ್ನೊಂದು ಉಬ್ಬಿತು.

"ಗುಳ್ಳೆ ಬಂತಾ?"

"ಬಂತು."

"ಹಾಗಾದರೆ ಪಂಚರ್ರು," ಎಂದಳು ಅಕ್ಕ.

ಬೀದಿಯ ಕೊನೆಯ ಫ್ರಿಜ್ ರಿಪೇರಿಯವನು ಕರೆದ ಕೂಡಲೇ ತನ್ನ ಮಷಿನ್ ಹೊತ್ತು ಬಂದ. ಉಳಿದ ಗ್ಯಾಸನ್ನು ಅವನು ತನ್ನ ಸಿಲಿಂಡರಿಗೆ ಎಳೆದುಕೊಂಡ ಮೇಲೆ ಇವನು ಸ್ಪ್ಯಾನರ್ ಹಾಕಿ ಆ ಸಂದು ಬಿಚ್ಚಿದ. ಒಳಗಿನ ರಬ್ಬರ್ ರಿಂಗು ಚಪ್ಪಟೆಯಾಗಿತ್ತು, ಮುಟ್ಟಿದೊಡನೆ ಪುಡಿಯಾಯಿತು.

"ಇಷ್ಟಕ್ಕಾ ಅಣ್ಣಾ ಮೂರು ಬೇಸಿಗೆ ಬೆವರಿದ್ದು?" ಎಂದ ರಿಪೇರಿಯವನು.

"ಅಕ್ಕ ಕೇಳಿದ್ದು ಈ ವರ್ಷ ತಾನೆ!"

ರಿಪೇರಿಯವನು ಕೊಟ್ಟ ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿದ. ಮಷಿನ್ ಅರ್ಧ ಗಂಟೆ ಗೊರಗುಟ್ಟುತ್ತಾ ಒಳಗಿನ ಗಾಳಿಯನ್ನು ಹೀರಿತು. ನಿಲ್ಲಿಸಿ ಕಾದರು, ಮೀಟರಿನ ಮುಳ್ಳು ಅಲ್ಲಾಡಲಿಲ್ಲ; ಸೋರಿಕೆ ನಿಂತಿತ್ತು. ಆಮೇಲೆ ಗ್ಯಾಸು ತುಂಬಿದರು. ಇಂಜಿನ್ ಶುರುವಾಗಿ ಸ್ವಲ್ಪ ಹೊತ್ತಿಗೆ ಒಳಗಿನಿಂದ ತೆಳ್ಳಗೆ ತಂಪು ಬಂತು. ಇವನ ಸೊಂಟ ನೆಟ್ಟಗಾಗಲಿಲ್ಲ. ಸೀಟಿಗೊರಗಿ ಕಣ್ಣು ಮುಚ್ಚಿದ. "ಅಕ್ಕಾ, ನಾಳೆ?" ಎಂದು ಅಲ್ಲಿಂದಲೇ ಕೂಗಿದ.

"ನೋಡೋಣ," ಎಂದು ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಬೆಳಿಗ್ಗೆ ಏನೂ ಹೇಳದೆ ಬಂದು ಕಾರಿನಲ್ಲಿ ಕೂತಳು. ಗಾಳಿಯ ಕಿಂಡಿಯನ್ನು ಅವನು ಅವಳ ಮೊಣಕಾಲಿಗೆ ತಿರುಗಿಸಿಟ್ಟ. ದಾರಿಯಲ್ಲಿ ಎರಡು ಸಲ ಅವಳು ಕಿಂಡಿಗೆ ಕೈ ಒಡ್ಡಿ ನೋಡಿದಳು. ಅವನು ನೋಡದವನ ಹಾಗೆ ಓಡಿಸಿದ.

ಆಸ್ಪತ್ರೆಯ ಮುಂದೆ ಅವನು ಇಳಿಯುವ ಮೊದಲೇ ಅಕ್ಕನೇ ಬಾಗಿಲು ತೆರೆದಿದ್ದಳು. ಒಂದು ಕಾಲು ಊರಿದಳು. ನಿಂತಳು. ಇನ್ನೊಂದು ಊರಿದಳು. ಅವನು ಸ್ಟೀರಿಂಗ್ ಹಿಡಿದುಕೊಂಡೇ ಕೂತು ನೋಡಿದ. ಕೋಲೂರುತ್ತಾ, ನಡುವೆ ಕಂಬಕ್ಕೊರಗಿ ಸುಧಾರಿಸಿಕೊಂಡು, ಅವಳು ಆಸ್ಪತ್ರೆಯ ಬಾಗಿಲು ಮುಟ್ಟಿದಳು. ಆಮೇಲೆ ತಿರುಗಿದಳು.

"ಏನೋ ಸಿನಿಮಾ ನೋಡೋ ಹಾಗೆ ಕೂತಿದ್ದೀಯ? ಚೀಟಿ ತಗೊಂಡು ಬಾ. ಗುರುವಾರದ್ದೂ ಈಗಲೇ ಬರೆಸಿಬಿಡೋಣ."