ಸೆಟ್ಟಿನ ದೀಪ ಉರಿದರೆ ಸಾಲದು

ಕಡಲ ದಂಡೆಯ ಮನೆಗಳಲ್ಲಿ ಯಾವ ಯಂತ್ರವೂ ಬಹಳ ದಿನ ಬಾಳುವುದಿಲ್ಲ. ಉಪ್ಪುಗಾಳಿ ರೇಡಿಯೋವನ್ನೂ ತಿನ್ನುತ್ತದೆ, ಟಿವಿಯನ್ನೂ ತಿನ್ನುತ್ತದೆ. ಟಿವಿ ಕೆಟ್ಟರೆ ಒಂದು ಸಂಜೆಯ ಬೇಸರ, ಅಷ್ಟೇ. ಬೋಟಿನ ವಯರ್‌ಲೆಸ್ ಸೆಟ್ಟು ಕೆಟ್ಟರೆ?

ಇದು ಹೊನ್ನಾವರದ ಹತ್ತಿರದ ಕಾಸರಕೋಡದ ಜಟ್ಟನ ಮನೆಯ ಕಥೆ. ಊರಿಗೆ ಮೊಬೈಲು ಆಗಷ್ಟೇ ಬಂದಿತ್ತು. ದಂಡೆ ಮರೆಯಾದರೆ ಅದಕ್ಕೆ ಮಾತಿಲ್ಲ. ಕಡಲಿನಿಂದ ಯಾರನ್ನಾದರೂ ಕರೆಯಬೇಕೆಂದರೆ ಸೆಟ್ಟೊಂದೇ ಗತಿ.

ಅಂದು ನೂಲಹುಣ್ಣಿಮೆ. ಮಳೆಗಾಲದ ಬಿಡುವು ಮುಗಿದು, ಮರುದಿನ ಜಟ್ಟನ ಬೋಟು ಹೊರಡುವುದಿತ್ತು. ಅವನು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಬಂದು ಬೋಟಿಗೆ ಪೂಜೆ ಮಾಡಿದ. ಇಂಜಿನ್ನಿಗೆ ಕುಂಕುಮ, ಬಲೆಗೆ ಹೂವು. ಕೊನೆಗೆ ಇನ್ನೊಂದು ಕಾಯಿ ಒಡೆದು, ವರ್ಷವೂ ಮಾಡುವ ಹಾಗೆ ಅದರ ನೀರನ್ನು ಸೆಟ್ಟಿನ ಮೇಲೂ ಬ್ಯಾಟರಿಯ ಮೇಲೂ ಪ್ರೋಕ್ಷಿಸಿದ.

ಪ್ರಸಾದಕ್ಕೆ ಬಂದ ನೆರೆಮನೆಯ ಮಾಸ್ತಮ್ಮ ಅದನ್ನು ನೋಡಿದಳು. ಹಿಂದಿನ ವರ್ಷ ಬಿರುಗಾಳಿಗೆ ಸಿಕ್ಕಿದ ಬೋಟೊಂದರಲ್ಲಿ ಅವಳ ಮಗ ಉದಯನಿದ್ದ. ಆ ಬೋಟು ಮರಳಿ ಬರಲಿಲ್ಲ.

“ಜಟ್ಟಾ, ಸೆಟ್ಟು ಮಾತಾಡ್ತದೋ?”

“ಅದಕ್ಕೆ ಎಂತ ಆಗಿದೆ ಮಾಸ್ತಕ್ಕ? ನೋಡು, ಕೆಂಪು ದೀಪ ಉರೀತದಲಾ. ಯಾರೋ ಯಾರನ್ನೋ ಬೈಯೂದೂ ಚೊಲೋ ಕೇಳ್ತದೆ!”

“ಅವ್ರದ್ದು ನಿಂಗೆ ಕೇಳ್ತದೆ. ನಿಂದು ಅವ್ರಿಗೆ ಕೇಳ್ತದೋ?”

ಜಟ್ಟನ ಹೆಂಡತಿ ಬಂಗಾರಿ ನಕ್ಕಳು. “ಇವ್ರಿಗೆ ಸೆಟ್ಟು ಎಂತಕ್ಕೆ ಅಕ್ಕ? ದಂಡೆ ಮೇಲೆ ನಿಂತು ಕೂಗಿದ್ರೆ ಹೊನ್ನಾವರಕ್ಕೆ ಕೇಳ್ತದೆ.”

ಮಾಸ್ತಮ್ಮ ನಗಲಿಲ್ಲ. “ಉದಯನ ಬೋಟು ಹೊರಡೂವಾಗ್ಲೂ ದೀಪ ಉರೀತಿತ್ತು. ನಾನೇ ನೋಡಿದ್ದೆ. ಗಾಳಿ ಎದ್ದಾಗ ಉಳಿದ ಬೋಟಿನವ್ರು ಕರದ್ರು, ಕರದ್ರು. ಉತ್ತರ ಬರ್ಲಿಲ್ಲ. ಒಂದ್ಸಲ ಕರೆದು ನೋಡು ತಮಾ.”

ಜಟ್ಟನಿಗೆ ಇರಿಸುಮುರಿಸಾಯಿತು. “ಪೂಜೆ ಆದ್ಮೇಲೆ ಪರೀಕ್ಷೆ ಮಾಡಿದ್ರೆ, ದೇವ್ರ ಮೇಲೆ ನಂಬಿಕೆ ಇಲ್ಲ ಅಂದಂಗೆ ಆತು.”

“ದೇವ್ರನ್ನ ಅಲ್ಲ, ತಂತಿನ ಪರೀಕ್ಷೆ ಮಾಡು ಅಂದೆ.”

ಬಂಗಾರಿಯ ನಗೆ ಅಲ್ಲಿಗೇ ನಿಂತಿತು. “ಕರೀರಿ ಒಂದ್ಸಲ. ನಿಮ್ಮ ಗಂಟು ಎಂತ ಹೋಗ್ತದೆ?”

ಬಂದರಿನಲ್ಲಿ ಸೆಟ್ಟು ರಿಪೇರಿ ಮಾಡುವ ನಿತ್ಯಾನಂದ ಪಕ್ಕದ ಬೋಟಿನಲ್ಲೇ ಇದ್ದ. ಅವನು ಅಲ್ಲಿಯ ಸೆಟ್ಟಿನ ಮುಂದೆ ಕುಳಿತ. ಜಟ್ಟ ತನ್ನ ಸೆಟ್ಟಿನ ಮಾತಾಡುವ ಗುಂಡಿ ಒತ್ತಿದ. ಒತ್ತಿದ ಕೂಡಲೇ ಕೆಂಪು ದೀಪ ಆರಿತು.

“ನಿತ್ಯಾನಂದಾ, ಕೇಳ್ತದೋ?”

“ನಿನ್ನ ಬಾಯಿ ಕೇಳ್ತದೆ ಮಾರಾಯಾ! ಸೆಟ್ಟು ಕೇಳೂದಿಲ್ಲ.”

ಬಂಗಾರಿ ಬೋಟಿನ ಅಂಚನ್ನು ಹಿಡಿದುಕೊಂಡಳು. ನಾಳೆ ಈ ಹೊತ್ತಿಗೆ ಗಂಡ ದಂಡೆ ಕಾಣದಷ್ಟು ದೂರ ಇರುತ್ತಿದ್ದ.

ನಿತ್ಯಾನಂದ ಬಂದು ಬ್ಯಾಟರಿ ನೋಡಿದ. ತಂತಿ ಸೇರುವ ಕಡೆ ಹಸಿರು ಕಿಲುಬು ಹೂವಿನಂತೆ ಅರಳಿತ್ತು. ಬ್ಯಾಟರಿಯೊಳಗಿನ ನೀರೂ ಇಳಿದಿತ್ತು.

“ಬೇರೆಯವ್ರ ಮಾತು ಕೇಳೂದಕ್ಕೆ ಸ್ವಲ್ಪ ಕರೆಂಟು ಸಾಕು. ನಾವು ಮಾತಾಡೂದಕ್ಕೆ ಜಾಸ್ತಿ ಬೇಕು. ಈ ಕಿಲುಬು ಅದನ್ನ ತಡೀತದೆ. ಅರ್ಧ ಉಪ್ಪುಗಾಳಿಯ ಕೆಲಸ, ಅರ್ಧ ನಿನ್ನ ಕಾಯಿನೀರಿಂದು.”

ಜಟ್ಟ ಕೇಳಿದ. “ಹಾಂಗಾರೆ ಪೂಜೆ ಬಿಡೂದೋ?”

“ಬಿಡೂದು ಎಂತಕ್ಕೆ?” ಎಂದಳು ಮಾಸ್ತಮ್ಮ. “ನೀರು ಬೋಟಿನ ಮೂತಿಗೆ ಹಾಕು. ಅದು ಹೇಗೂ ನೀರಲ್ಲೇ ಇರೂದು. ಸೆಟ್ಟಿನ ಎದುರಿಗೆ ಒಂದು ಹೂವಿಡು, ಒಣಬಟ್ಟೆಯಿಂದ ಅದನ್ನ ಒರಸು. ಒರಸೂದೂ ಸೇವೆಯೇ.”

ತಂತಿ ಬಿಚ್ಚಿದರು. ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ, ಬಟ್ಟೆ ಅದ್ದಿ ಕಿಲುಬು ತೆಗೆದರು. ಒಣಗಿದ ಮೇಲೆ ತಂತಿ ಬಿಗಿದು ಗ್ರೀಸು ಸವರಿದರು. ಬ್ಯಾಟರಿಯೊಳಗೆ, ಅದಕ್ಕೆಂದೇ ಅಂಗಡಿಯಲ್ಲಿ ಸಿಗುವ ಶುದ್ಧ ನೀರು ಹಾಕಿ, ಚಾರ್ಜು ಮಾಡಿಸಿದರು. ಸಂಜೆಗೆ ಮಾಸ್ತಮ್ಮನೇ ಪಕ್ಕದ ಬೋಟಿನಲ್ಲಿ ಸೆಟ್ಟಿನ ಮುಂದೆ ಕುಳಿತಳು.

“ಮಾಸ್ತಕ್ಕ, ಕೇಳ್ತದೋ?”

ನಿತ್ಯಾನಂದ ಗುಂಡಿ ತೋರಿಸಿದ. ಅವಳು ಅದನ್ನು ಒತ್ತಿ, “ಕೇಳ್ತದೆ ತಮಾ,” ಎಂದಳು. ಬೆರಳು ತೆಗೆಯದೆ ಮತ್ತೊಮ್ಮೆ, “ಕೇಳ್ತದೆ,” ಎಂದಳು.

ಮರುದಿನ ಜಟ್ಟ ಹಗ್ಗ ಬಿಚ್ಚುವ ಮೊದಲು ತಾನಾಗಿಯೇ ಸೆಟ್ಟಿನಲ್ಲಿ ಕರೆದ. ಉತ್ತರ ಬಂತು. ಬಂಗಾರಿ ದಂಡೆಯಿಂದ ಕೈಯೆತ್ತಿದಳು.

ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದೇವರು ಕಾಯುತ್ತಾನೆ, ನಿಜ. ಆದರೆ ನಮ್ಮ ಕೈಯಿಂದ ಆಗುವ ಕೆಲಸವನ್ನು ಅವನ ಮೇಲೆ ಹೊರಿಸಬಾರದು. ಸೆಟ್ಟಿನ ಮೇಲೆ, ಬ್ಯಾಟರಿಯ ಮೇಲೆ ನೀರು ಬೀಳಿಸಬೇಡಿ. ಕಿಲುಬು ಹಿಡಿದಿದೆಯೇ ಎಂದು ಆಗಾಗ ನೋಡಿ. ದೀಪ ಉರಿಯುವುದನ್ನು ನಂಬಿ ಕೂರಬೇಡಿ, ಒಮ್ಮೆ ಕರೆಯಿರಿ. ಮನೆಯ ಹೆಂಗಸರೇ, ಹೊರಡುವವರನ್ನು ನೀವೂ ಕೇಳಿ. ಆ ಕಡೆಯಿಂದ ಒಂದು ಧ್ವನಿ ಬರುವ ತನಕ ಹಗ್ಗ ಬಿಚ್ಚಲು ಬಿಡಬೇಡಿ.