ಸೊನ್ನೆ ಮೇಡಂ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸೊನ್ನೆ ಮೇಡಂ ಎನ್ನುತ್ತಿದ್ದರು. ಅವಮಾನವೇನೂ ಅಲ್ಲ, ಅದು ಅವಳ ಹುದ್ದೆ. ಮನುಷ್ಯರ ಮುಖ ನೋಡಿ ಮನಸ್ಸು ಅರಿತು, ಅದಕ್ಕೆ ತಕ್ಕಂತೆ ಮಾತಾಡುವ ಯಂತ್ರಗಳನ್ನು ಆ ಕಂಪನಿ ಮಾಡುತ್ತಿತ್ತು. ತೂಗುವ ಮುಂಚೆ ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರುವ ಹಾಗೆ, ದಿನವೂ ಬೆಳಗ್ಗೆ ಆ ಯಂತ್ರಗಳಿಗೆ ಭಾವವಿಲ್ಲದ ಮುಖವೊಂದನ್ನು ತೋರಿಸಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಸಂದರ್ಶನದಲ್ಲಿ ಮ್ಯಾನೇಜರ್ ಜೋಕು ಹೇಳಿದರು, ಆಮೇಲೆ ಬೈದರು, ಕೊನೆಗೆ ಮೇಜಿನ ಕೆಳಗೆ ಬಲೂನು ಒಡೆದರು. ಅವಳು ಸುಮ್ಮನೆ ನೋಡಿದಳು. ಅಲ್ಲೇ ಕೆಲಸ ಕೊಟ್ಟರು.

ಅವಳಿಗೂ ಆ ಕುರ್ಚಿ ಬೇಕಿತ್ತು. ಮನೆಯಲ್ಲಿ ಅತ್ತೆ ಹೊತ್ತುಗೊತ್ತಿಲ್ಲದೆ, ಒಂದು ಸಲ ಅತ್ತುಬಿಡು, ಹಗುರಾಗುತ್ತದೆ ಎಂದು ಬೆನ್ನು ಬಿದ್ದಿದ್ದರು. ಅಳು ಎಂದು ಯಾರೂ ಹೇಳದ ಜಾಗ ಅದೊಂದೇ.

ಯಂತ್ರಗಳು ಊರಿನ ಕೌಂಟರುಗಳಿಗೆ ಹೋದವು, ದೂರುಗಳು ಬಂದವು. ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ನಿಂತವನಿಗೆ ಯಂತ್ರ, ಏನು ಸಮಾಚಾರ, ಬಹಳ ಖುಷಿಯಲ್ಲಿದ್ದೀರಿ ಎಂದಿತ್ತು. ಆಸ್ಪತ್ರೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ ಹೆಂಗಸಿಗೆ ಶುಭಾಶಯ ಹೇಳಿ ಬ್ಯಾಂಡ್ ಬಾರಿಸಿತ್ತು. ಸಿಟ್ಟಿಗೆದ್ದು ಗುದ್ದಿದವನಿಗೆ, ನಿಮ್ಮ ಉತ್ಸಾಹ ಹೀಗೇ ಇರಲಿ ಎಂದು ಹಾರೈಸಿತ್ತು.

ಇಂಜಿನಿಯರುಗಳು ತಂತಿ ಬಿಚ್ಚಿದರು, ಲೆನ್ಸು ಒರೆಸಿದರು, ತಲೆ ಕೆರೆದುಕೊಂಡರು. ಕೊನೆಗೆ ಮ್ಯಾನೇಜರ್, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುವ ಸೆಕ್ಯುರಿಟಿಯವನನ್ನು ಕರೆತಂದು, ಅವಳ ಬದಲು ಅವನ ಮುಖವನ್ನು ಯಂತ್ರಗಳಿಗೆ ಸೊನ್ನೆಯೆಂದು ತೋರಿಸಿ, ಅವಳನ್ನು ಯಂತ್ರದ ಎದುರು ಕೂರಿಸಿದರು.

ಯಂತ್ರ ಅವಳನ್ನು ನೋಡಿತು. ತುಂಬ ಹೊತ್ತು ನೋಡಿತು. ಆಮೇಲೆ ಪರದೆಯ ಬೆಳಕು ತಗ್ಗಿಸಿಕೊಂಡು, "ಇವತ್ತಿಗೆ ಈ ಕೌಂಟರ್ ಮುಚ್ಚಿದೆ" ಎಂದಿತು. ಪಕ್ಕದ್ದೂ ಹಾಗೇ ಅಂದಿತು. ಸಾಲಿನಲ್ಲಿದ್ದ ಅಷ್ಟೂ ಯಂತ್ರಗಳು ಒಂದರ ಹಿಂದೊಂದು ಬಾಗಿಲೆಳೆದುಕೊಂಡವು.

ಮ್ಯಾನೇಜರಿಗೆ ಆಗ ಹೊಳೆಯಿತು. ಇಷ್ಟು ದಿನ ಸೊನ್ನೆ ಎಂದುಕೊಂಡದ್ದು ಪಾತಾಳ. ಅಲ್ಲಿಂದ ಅಳೆದರೆ ಊರಿನ ಯಾವ ದುಃಖವೂ ಸಂತೋಷವೇ.

ಕೆಲಸ ಹೋಯಿತೆಂದು ಅವಳು ಚೀಲ ಎತ್ತಿಕೊಂಡಳು.

"ಎಲ್ಲಿಗೆ ಮೇಡಂ? ಅಳತೆಗೆ ತಳ ಅಂತ ಒಂದು ಬೇಕಲ್ಲ," ಎಂದರು ಮ್ಯಾನೇಜರ್. "ನಾಳೆಯಿಂದ ನೀವೇ ತಳ. ಮುಖ ಮಾತ್ರ ಹೀಗೇ ಇರ್ಲಿ. ಒಂಚೂರೂ ಮೇಲಕ್ಕೆ ಬರಬಾರದು."

ಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಚಾಕು ಕೆಳಗಿಟ್ಟರು.

"ನಾನು ಇಷ್ಟು ತಿಂಗ್ಳಿಂದ ಬಡ್ಕೊಂಡ್ರೂ ನೀನು ಅಳ್ಲಿಲ್ಲ. ನಿನ್ನ ನೋಡಿ ಆ ಡಬ್ಬಾ ರಜಾ ಹಾಕ್ತಾ?"

ಹೇಳುತ್ತಲೇ ಅವರಿಗೆ ನಗು ಬಂತು, ಮಗ ಸತ್ತ ಮೇಲೆ ಮೊದಲ ಸಲ. ನಗುತ್ತ ನಗುತ್ತ ಮೊಣಕೈಯಿಂದ ಕಣ್ಣೊರೆಸಿಕೊಂಡರು.

ಅವಳ ತುಟಿಯ ಒಂದು ಕೊನೆ ನಡುಗಿತು. ಅದನ್ನು ಬೆರಳಿನಿಂದ ಒತ್ತಿ ಹಿಡಿದಳು.

"ಸುಮ್ನಿರಿ ಅತ್ತೆ. ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡೇ."

ಅವಳು ಇನ್ನೊಂದು ಕೈಯನ್ನೂ ಬಾಯಿಗೆ ತಂದಳು. ಸಾಲಲಿಲ್ಲ.